ನೋಡಲು ಚೆಂದವಿದ್ದರೆ ಸಾಲದು

ವಿದ್ಯಾರ್ಥಿವೇತನ, ಪರೀಕ್ಷಾ ಶುಲ್ಕ, ಬ್ಯಾಂಕ್ ವ್ಯವಹಾರ, ರೈಲು ಟಿಕೆಟ್ ಎಲ್ಲವೂ ಜಾಲತಾಣದ ಅರ್ಜಿ ನಮೂನೆಯೊಳಗೆ ಸೇರಿಹೋಗಿರುವ ಕಾಲವಿದು. ಕಚೇರಿಯ ಮುಂದೆ ಸಾಲು ನಿಲ್ಲುವುದು ತಪ್ಪಿತೆಂದು ನಾವು ಸಮಾಧಾನಪಡುತ್ತಿದ್ದೇವೆ. ಆದರೆ ಕಣ್ಣು ಕಾಣದವರ ಪಾಲಿಗೆ ಅದೇ ನಮೂನೆ ಎಷ್ಟೋ ಸಲ ಮುಚ್ಚಿದ ಬಾಗಿಲು. ತನ್ನ ಪಾಸ್‌ವರ್ಡನ್ನು ಇನ್ನೊಬ್ಬರ ಕೈಗೊಪ್ಪಿಸಿ ಅರ್ಜಿ ತುಂಬಿಸಿಕೊಳ್ಳಬೇಕಾದ ಪದವೀಧರನ ಸಂಕಟಕ್ಕೆ ಕಾರಣ ಅವನ ಅಂಧತ್ವವಲ್ಲ, ಪುಟವನ್ನು ಬರೆದವರ ಅಜಾಗರೂಕತೆ.

ಕಾನೂನಿನ ಕೊರತೆಯಂತೂ ಇಲ್ಲ. ಸರ್ಕಾರಿ ಜಾಲತಾಣಗಳಿಗೆ ಕೇಂದ್ರವು 2009ರಲ್ಲೇ ಮಾರ್ಗಸೂಚಿ ಹೊರಡಿಸಿತು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಡಿಜಿಟಲ್ ಸೌಲಭ್ಯವನ್ನು ಪಡೆಯುವುದು ಸಂವಿಧಾನದ 21ನೇ ವಿಧಿ ನೀಡಿರುವ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ವಾಸ್ತವ ಮಾತ್ರ ಬೇರೆಯೇ ಆಗಿದೆ. ಅಮೆರಿಕದ ವೆಬ್‌ಏಮ್ ಸಂಸ್ಥೆಯು 2025ರಲ್ಲಿ ಜಗತ್ತಿನ ಹತ್ತು ಲಕ್ಷ ಜಾಲತಾಣಗಳ ಮುಖಪುಟಗಳನ್ನು ಪರೀಕ್ಷಿಸಿದಾಗ ಶೇ 94.8ರಷ್ಟರಲ್ಲಿ ದೋಷಗಳು ಕಂಡುಬಂದವು. ಹಿನ್ನೆಲೆಯಲ್ಲಿ ಕರಗಿಹೋಗುವ ಅಕ್ಷರ, ವಿವರಣೆಯಿಲ್ಲದ ಚಿತ್ರ, ಹೆಸರಿಲ್ಲದ ಅರ್ಜಿಚೌಕ, ಖಾಲಿ ಕೊಂಡಿ, ಖಾಲಿ ಬಟನ್, ಭಾಷೆಯನ್ನು ಸೂಚಿಸದ ಪುಟ: ದೋಷಗಳಲ್ಲಿ ಬಹುಪಾಲು ಈ ಆರೇ ಬಗೆಯವು. ಇವು ತಂತ್ರಜ್ಞಾನದ ಕಗ್ಗಂಟುಗಳಲ್ಲ. ಎಚ್‌ಟಿಎಂಎಲ್‌ನ ಮೊದಲ ವಾರದ ಪಾಠದಲ್ಲೇ ತಿದ್ದಬಹುದಾದ ತಪ್ಪುಗಳು.

ಅಂಧರು ಬಳಸುವ ಸ್ಕ್ರೀನ್ ರೀಡರ್ ತಂತ್ರಾಂಶವು ಪರದೆಯ ಅಂದವನ್ನು ನೋಡುವುದಿಲ್ಲ, ಪುಟದ ಒಳರಚನೆಯನ್ನು ಓದಿ ಹೇಳುತ್ತದೆ. ಹೊಸದಾಗಿ ಕಲಿಯುವವರು 'ಡಿವ್' ಎಂಬ ಅರ್ಥರಹಿತ ಡಬ್ಬಿಗೆ ಬಣ್ಣ ಬಳಿದು ಅದನ್ನೇ ಬಟನ್ ಎನ್ನುತ್ತಾರೆ. ಮೌಸ್ ಹಿಡಿದವರಿಗೆ ಅದು ಬಟನ್ನೇ. ಕೀಲಿಮಣೆಯನ್ನೇ ನೆಚ್ಚಿದವರಿಗೆ ಅದು ಇಲ್ಲವೇ ಇಲ್ಲ. ಚೌಕದ ಪಕ್ಕದಲ್ಲಿ 'ಜನ್ಮದಿನಾಂಕ' ಎಂದು ಬರೆದು, 'ಲೇಬಲ್' ಟ್ಯಾಗಿನ ಮೂಲಕ ಆ ಚೌಕಕ್ಕೆ ಜೋಡಿಸದಿದ್ದರೆ, ಅಲ್ಲಿ ಏನು ತುಂಬಬೇಕೆಂಬುದೇ ಕೇಳುಗನಿಗೆ ತಿಳಿಯದೆ ಹೋಗಬಹುದು. ಅಕ್ಷರವನ್ನು ದಪ್ಪಗಾಗಿಸಿದ ಮಾತ್ರಕ್ಕೆ ಅದು ಶೀರ್ಷಿಕೆಯಾಗುವುದಿಲ್ಲ. ಶೀರ್ಷಿಕೆಯ ಟ್ಯಾಗ್ ಇದ್ದರಷ್ಟೇ ಓದುಗ ಒಂದು ಭಾಗದಿಂದ ಇನ್ನೊಂದಕ್ಕೆ ನೆಗೆಯಬಲ್ಲ.

ಕನ್ನಡದ ಪುಟಗಳಿಗೆ ಇನ್ನೊಂದು ಹೊಣೆಯೂ ಇದೆ. ಇದು ಕನ್ನಡವೆಂದು 'ಲ್ಯಾಂಗ್' ಗುಣದಲ್ಲಿ ಸೂಚಿಸದಿದ್ದರೆ ಸ್ಕ್ರೀನ್ ರೀಡರ್ ತಪ್ಪು ಭಾಷೆಯ ಧ್ವನಿಯಲ್ಲಿ ಓದಲು ಹೊರಡಬಹುದು. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ಕಡತಗಳ ಪಾಡು ಇನ್ನೂ ಶೋಚನೀಯ. ಕಣ್ಣಿಗೆ ಕನ್ನಡವಾಗಿ ಕಾಣುವ ಸಾಲು ಕಿವಿಗೆ ಅರ್ಥಹೀನ ಇಂಗ್ಲಿಷ್ ಅಕ್ಷರಗಳ ರಾಶಿ. 2006ರಲ್ಲಿ ಆರಂಭವಾದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿಯೇ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. ಅದು ಓದಬಲ್ಲಂತೆ ಬರೆಯುವ ಕೆಲಸವಷ್ಟೇ ನಮ್ಮದು.

'ಮೊದಲು ಪುಟ ಸಿದ್ಧವಾಗಲಿ, ಇವೆಲ್ಲ ಆಮೇಲೆ' ಎಂಬ ವಾದ ಸಾಮಾನ್ಯ. ಆದರೆ ಮನೆ ಕಟ್ಟಿ ಮುಗಿಸಿದ ಮೇಲೆ ಬಾಗಿಲು ಕೊರೆಯುವುದು ಜಾಣತನವಲ್ಲ. 'ಡಿವ್' ಅನ್ನು ಬಟನ್‌ನಂತೆ ನಡೆಸಲು ಹತ್ತಾರು ಸಾಲು ಹೆಚ್ಚುವರಿ ಕೋಡ್ ಬೇಕು. 'ಬಟನ್' ಟ್ಯಾಗನ್ನೇ ಬಳಸಿದರೆ ಟ್ಯಾಬ್, ಎಂಟರ್, ಸ್ಪೇಸ್ ಕೀಲಿಗಳಿಗೆ ಅದು ತಾನಾಗಿಯೇ ಓಗೊಡುತ್ತದೆ. ಶುದ್ಧವಾದ ರಚನೆಯೇ ಇಲ್ಲಿ ಸುಲಭದ ದಾರಿ.

ತಪ್ಪು ಹೊಸದಾಗಿ ಕಲಿಯುವವರದ್ದಲ್ಲ, ಕಲಿಸುವ ಕ್ರಮದ್ದು. ಪರದೆಯ ಮೇಲಿನ ಅಂದಕ್ಕಷ್ಟೇ ಅಂಕ ಬೀಳುವಲ್ಲಿ ಒಳಗಿನ ರಚನೆಯತ್ತ ಯಾರೂ ಗಮನ ಹರಿಸರು. ಕಾಲೇಜುಗಳ ಪ್ರಾಯೋಗಿಕ ಪರೀಕ್ಷೆಯಲ್ಲಿ ಮೌಸನ್ನು ಬದಿಗಿಟ್ಟು ಟ್ಯಾಬ್ ಕೀಲಿಯೊಂದರಿಂದಲೇ ಅರ್ಜಿಯ ಎಲ್ಲ ಚೌಕಗಳನ್ನೂ ತಲುಪಲು ಸಾಧ್ಯವೇ ಎಂದು ಪರೀಕ್ಷಕರು ನೋಡಲಿ. ಅಲಂಕಾರದ ಸಿಎಸ್‌ಎಸ್ ತೆಗೆದ ಮೇಲೂ ಪುಟವು ಕ್ರಮವಾಗಿ ಓದಿಸಿಕೊಳ್ಳುತ್ತದೆಯೇ ಎಂದು ಪರಿಶೀಲಿಸಲಿ. ಇದಕ್ಕೆ ಹೊಸ ಅನುದಾನವಾಗಲಿ ಹೊಸ ಕಾಯ್ದೆಯಾಗಲಿ ಬೇಕಿಲ್ಲ. ಇಂದು ಪ್ರಯೋಗಾಲಯದಲ್ಲಿ ಮೊದಲ ನಮೂನೆ ಬರೆಯುತ್ತಿರುವವರೇ ನಾಳೆ ಬ್ಯಾಂಕಿನ, ಆಸ್ಪತ್ರೆಯ, ಸರ್ಕಾರದ ಪುಟಗಳನ್ನು ಬರೆಯುವವರು. ನ್ಯಾಯಾಲಯವು ಎತ್ತಿಹಿಡಿದ ಹಕ್ಕು ಕೈಗೆಟುಕುವುದೋ ಇಲ್ಲವೋ ಎಂಬುದು ಅವರ ಮೊದಲ ಪಾಠದಲ್ಲೇ ನಿರ್ಧಾರವಾಗುತ್ತದೆ.