ಈಜಿ ಮೋಡ್ ಕೊಟ್ರೆ ಯಾರಪ್ಪನ ಗಂಟು ಹೋಗುತ್ತೆ?

ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಕೆಫೆಟೇರಿಯಾದಲ್ಲಿ ಕಾಫಿ ಕುಡೀತಾ, "ಅಂತೂ ಎಲ್ಡನ್ ರಿಂಗ್ ಮುಗಿಸಿಬಿಟ್ಟೆ" ಅಂದಳು. ಮುಖದಲ್ಲಿ ಕೊನೇ ಸೆಮಿಸ್ಟರಿನ ಕೊನೇ ಪೇಪರ್ ಬರೆದು ಬಂದವರ ಕಳೆ ಇತ್ತು. ಎದುರಿಗೆ ಕೂತಿದ್ದವನು ಕಂಗ್ರಾಟ್ಸ್ ಅನ್ನಲಿಲ್ಲ. "ಮಿಮಿಕ್ ಟಿಯರ್ ಯೂಸ್ ಮಾಡಿದ್ರಾ?" ಅಂತ ಕೇಳಿದ. ಹೌದು ಅಂದಳು. "ಓ, ಹಾಗಾದ್ರೆ ಮುಗಿಸಿದ ಹಾಗಲ್ಲ ಬಿಡಿ."

ಗೇಮ್ ಆಡದವರಿಗಾಗಿ ಎರಡು ಮಾತು. ಎಲ್ಡನ್ ರಿಂಗ್ 2022ರಲ್ಲಿ ಬಂದ, ಮನುಷ್ಯನನ್ನ ಅರೆದು ಚಟ್ನಿ ಮಾಡೋ ಆಟ. ಮಿಮಿಕ್ ಟಿಯರ್ ಅಂದ್ರೆ ಅದರಲ್ಲಿ ಸಿಗೋ ಒಂದು ಸಹಾಯ. ನಿಮ್ಮದೇ ತದ್ರೂಪು ಒಂದು ಪ್ರತ್ಯಕ್ಷವಾಗಿ ನಿಮ್ಮ ಜೊತೆ ನಿಂತು ಹೊಡೆದಾಡುತ್ತೆ. ಚೀಟ್ ಕೋಡ್ ಅಲ್ಲ, ಹ್ಯಾಕ್ ಅಲ್ಲ. ಆಟ ಮಾಡಿದವರೇ ಆಟದೊಳಗೆ ಇಟ್ಟಿರೋದು. ಆದರೂ ಅದನ್ನ ಬಳಸಿದವರ ಗೆಲುವು ಗೆಲುವಲ್ಲ ಅಂತ ತೀರ್ಪು ಕೊಡೋಕೆ ಊರೂರಲ್ಲಿ ಜಡ್ಜ್‌ಗಳು ಹುಟ್ಟಿಕೊಂಡಿದ್ದಾರೆ. ಸಂಬಳ ಇಲ್ಲ, ರಜೆ ಇಲ್ಲ, ಆದ್ರೂ ಕೆಲಸದಲ್ಲಿ ಎಂಥಾ ನಿಷ್ಠೆ!

ನನಗೆ ಸಿಟ್ಟು ಬಂತು. ಸಿಟ್ಟು ಬಂದಿದ್ದಕ್ಕೆ ನಾಚಿಕೆನೂ ಆಯ್ತು. ಯಾಕಂದ್ರೆ ಎರಡು ವರ್ಷದ ಹಿಂದಿನವರೆಗೂ ಆ ಮೇಜಿನ ಆ ಕಡೆ ಕೂತಿದ್ದವನು ನಾನೇ.

ಮೊದಲೇ ಹೇಳಿಬಿಡ್ತೀನಿ, ಕಷ್ಟದ ಆಟಗಳ ಮೇಲೆ ನನಗೇನೂ ಹಗೆ ಇಲ್ಲ. 2011ರ ಡಾರ್ಕ್ ಸೋಲ್ಸ್ ನನಗೆ ದೇವರ ಸಮಾನ. ಸತ್ತ ಜಾಗದಲ್ಲೇ ನೀವು ಸಂಪಾದಿಸಿದ್ದೆಲ್ಲ ಬಿದ್ದಿರುತ್ತೆ. ಹೋಗಿ ಎತ್ತಿಕೊಳ್ಳೋ ಮೊದಲೇ ಇನ್ನೊಂದು ಸಲ ಸತ್ತರೆ ಅಷ್ಟೂ ಮಾಯ. ಆರ್ನ್‌ಸ್ಟೀನ್ ಮತ್ತು ಸ್ಮೌ ಅನ್ನೋ ಜೋಡಿ, ಒಬ್ಬ ಸಣಕಲ, ಒಬ್ಬ ಡೊಳ್ಳುಹೊಟ್ಟೆ, ನನ್ನ ಎರಡು ವಾರದ ನಿದ್ದೆ ತಿಂದಿದ್ದಾರೆ. ಆದರೂ ಅದು ಮೋಸದ ಆಟ ಅಂತ ಒಂದು ದಿನವೂ ಅನಿಸಿಲ್ಲ. ರಾಕ್ಷಸ ಹೊಡೆಯೋ ಮೊದಲು ಕೈ ಎತ್ತುತ್ತಾನೆ. ನೋಡಿದ್ರೆ ಉಳಿದೆ, ನೋಡದಿದ್ರೆ ಸತ್ತೆ. ಸತ್ತಾಗ ಯಾಕೆ ಸತ್ತೆ ಅನ್ನೋದು ನಿಮಗೇ ಗೊತ್ತಿರುತ್ತೆ. ಎಷ್ಟು ಮ್ಯಾನೇಜರ್‌ಗಳು ಇಷ್ಟು ಸ್ಪಷ್ಟವಾಗಿ ಫೀಡ್‌ಬ್ಯಾಕ್ ಕೊಡ್ತಾರೆ ಹೇಳಿ?

ತಕರಾರು ಇರೋದು ಕಷ್ಟಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡೋರ ಮೇಲೆ. "ಹಳೇ ಕಾಲದ ಆಟಗಳು ನಿಜವಾದ ಆಟಗಳು ಸಾರ್, ಅವಾಗ ಈಜಿ ಮೋಡ್ ಎಲ್ಲಿತ್ತು?" ಅಂತಾರೆ. ಸ್ವಾಮಿ, ಹಳೇ ಆಟಗಳು ಅಷ್ಟು ಕಷ್ಟ ಯಾಕಿದ್ವು ಅಂತ ವಿಚಾರಿಸಿದ್ದೀರಾ? ಆರ್ಕೇಡ್‌ನಲ್ಲಿ ಒಂದು ಕಾಯಿನ್ ಹಾಕಿ ಒಬ್ಬನೇ ಒಂದು ಗಂಟೆ ನಿಂತುಬಿಟ್ರೆ ಅಂಗಡಿಯವನಿಗೆ ನಷ್ಟ. ಬೇಗ ಸಾಯಿಸಬೇಕು, ಮುಂದಿನ ಕಾಯಿನ್ ಕೀಳಬೇಕು. ಮಾಲ್‌ನಲ್ಲಿ ಕಾರ್ಡ್ ಸ್ವೈಪ್ ಮಾಡಿ ಆಡಿದವರಿಗೆಲ್ಲ ಈ ಲೆಕ್ಕ ಗೊತ್ತು. 1985ರಲ್ಲಿ ಕ್ಯಾಪ್‌ಕಾಮ್ ಕಂಪನಿ ಘೋಸ್ಟ್ಸ್ ಅಂಡ್ ಗಾಬ್ಲಿನ್ಸ್ ಅಂತ ಒಂದು ಆಟ ತಂತು. ಒಂದು ಏಟು ಬಿದ್ರೆ ವೀರಯೋಧ ಚಡ್ಡಿಯಲ್ಲಿ ನಿಲ್ತಾನೆ, ಎರಡನೇ ಏಟಿಗೆ ಮೂಳೆ ರಾಶಿ. ಕೈಬೆರಳು ಸವೆಸಿ ಕೊನೇವರೆಗೂ ಹೋದ್ರೆ, ಇದೆಲ್ಲ ಸೈತಾನನ ಮಾಯೆ, ಮತ್ತೆ ಮೊದಲಿಂದ ಆಡು ಅನ್ನುತ್ತೆ. ಮತ್ತೆ ಮೊದಲಿಂದ! ಇದನ್ನ ಕಲೆ ಅಂತೀರಾ, ಎರಡನೇ ಸಲ ಟಿಕೆಟ್ ಹರಿಯೋದು ಅಂತೀರಾ?

ಮನೆಗೆ ಬಂದ ಆಟಗಳ ಕತೆಯೂ ಅಷ್ಟೇ. ಅಮೆರಿಕದಲ್ಲಿ ಗೇಮ್ ಕ್ಯಾಸೆಟ್ ಬಾಡಿಗೆಗೆ ಸಿಗ್ತಿತ್ತು. ಶನಿವಾರ ತಂದು ಭಾನುವಾರ ಮುಗಿಸಿಬಿಟ್ರೆ ಕೊಳ್ಳೋರ್ಯಾರು? 1994ರ ಲಯನ್ ಕಿಂಗ್, ಮಕ್ಕಳ ಸಿನಿಮಾದ ಮಕ್ಕಳ ಆಟ, ಎರಡನೇ ಲೆವೆಲ್‌ನಲ್ಲೇ ಕೋತಿಗಳ ಕೈಲಿ ಸಿಕ್ಕಿಸಿ ಮಕ್ಕಳನ್ನ ಅಳಿಸ್ತಿತ್ತು. ಬಾಡಿಗೆಯ ಭಯಕ್ಕೇ ಅದನ್ನ ಹಾಗೆ ಬಿಗಿ ಮಾಡಿದ್ದು ಅಂತ ಮಾಡಿದವರೇ ಆಮೇಲೆ ಒಪ್ಪಿಕೊಂಡಿದ್ದಾರೆ. ಇನ್ನು ಇದೇ ವಂಶದ ಮೊಮ್ಮಗ ನಿಮ್ಮ ಅಮ್ಮನ ಫೋನಿನಲ್ಲೇ ಇದ್ದಾನೆ. ಕ್ಯಾಂಡಿ ಕ್ರಶ್. ಐದು ಲೈಫ್, ಮುಗಿದ್ರೆ ಅರ್ಧ ಗಂಟೆಗೆ ಒಂದೊಂದೇ ವಾಪಸ್, ಕಾಯೋಕಾಗಲ್ವಾ, ದುಡ್ಡು ಕೊಡಿ. ಆ ಲೆವೆಲ್ ಮುಗೀತಿಲ್ಲ ಅಂತ ಅಮ್ಮ ಗೊಣಗಿದ್ರೆ ನಾವು ನಗ್ತೀವಿ. ನಮ್ಮದು ತಪಸ್ಸು, ಅವರದ್ದು ಟೈಮ್‌ಪಾಸ್!

ಈಗ ಅಕ್ಕನ ವಿಷಯಕ್ಕೆ ಬರ್ತೀನಿ.

ಶಿವಮೊಗ್ಗದ ನಮ್ಮ ಮನೆಗೆ ಟೀವಿ ಗೇಮ್ ಬಂದಾಗ ನಾನು ಎರಡನೇ ಕ್ಲಾಸು, ಅಕ್ಕ ಏಳನೇ ಕ್ಲಾಸು. ಹಳದಿ ಕ್ಯಾಸೆಟ್ಟು, ಅದರಲ್ಲಿ ಕಾಂಟ್ರಾ. ಮೂರು ಲೈಫ್‌ನಲ್ಲಿ ನಾನು ಜಲಪಾತದ ಲೆವೆಲ್ ದಾಟಿದ್ದೇ ಇಲ್ಲ. ಅಕ್ಕ ಎಲ್ಲಿಂದಲೋ ಮಂತ್ರ ಕಲಿತುಬಂದಳು. ಮೇಲೆ ಮೇಲೆ ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಮೂವತ್ತು ಲೈಫ್! ಆ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಕಾಂಟ್ರಾ ಮುಗಿಸಿದ್ವಿ. ಮುಗಿಸಿದ ದಿನ ಬೀದಿಗೆಲ್ಲ ಕೇಳೋ ಹಾಗೆ ಕಿರುಚಿದ್ವಿ. ಮೂರರಲ್ಲಿ ಮುಗಿಸಿದ್ರಾ ಮೂವತ್ತರಲ್ಲಾ ಅಂತ ಒಬ್ಬರೂ ಕೇಳಲಿಲ್ಲ.

ಆ ಮಂತ್ರದ ಮೂಲ ಗೊತ್ತಾ? ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ 1986ರಲ್ಲಿ ಗ್ರಾಡಿಯಸ್ ಅನ್ನೋ ಆಟವನ್ನ ಮನೆಯ ಮೆಷೀನಿಗೆ ತರ್ತಾ ಇದ್ದರು. ಟೆಸ್ಟ್ ಮಾಡೋಕೆ ಕೊನೇವರೆಗೂ ಆಡಬೇಕಲ್ಲ? ಆಟ ಅವರಿಗೇ ಕಷ್ಟ ಆಯ್ತು. ಅದಕ್ಕೇ ಒಂದು ಕೋಡ್ ಹಾಕಿಕೊಂಡರು. ಜಗತ್ತಿನಲ್ಲೇ ಅತಿ ಪ್ರಸಿದ್ಧವಾದ ಗೇಮ್ ಕೋಡ್ ಹುಟ್ಟಿದ್ದು ಹೀಗೆ, ಆಟ ತಯಾರು ಮಾಡೋನೊಬ್ಬ ತನ್ನ ಕೈಲಿ ಆಗ್ತಿಲ್ಲ ಅಂತ ಮಾಡಿಕೊಂಡ ಈಜಿ ಮೋಡ್ ಆಗಿ. ಇದನ್ನೇ ಟೀ ಶರ್ಟಿನ ಮೇಲೆ ಪ್ರಿಂಟ್ ಹಾಕಿಸಿಕೊಂಡು, ಈಜಿ ಮೋಡ್ ಕೇಳೋರನ್ನ ಆಡಿಕೊಳ್ಳೋ ಮಹಾನುಭಾವರನ್ನ ನಾನು ಕಣ್ಣಾರೆ ನೋಡಿದ್ದೀನಿ.

ಅಕ್ಕನಿಗೆ ನಾಲ್ಕು ವರ್ಷದ ಹಿಂದೆ ಸಂಧಿವಾತ ಶುರುವಾಯ್ತು. ವಯಸ್ಸಾದವರಿಗೆ ಬರೋ ಮಂಡಿನೋವಲ್ಲ, ರುಮಟಾಯ್ಡ್. ಬೆಳಗ್ಗೆ ಎದ್ದಾಗ ಬೆರಳು ಊದಿಕೊಂಡು ಮಡಚೋಕೇ ಆಗಲ್ಲ. ಎರಡು ವರ್ಷದ ಹಿಂದಿನ ದೀಪಾವಳಿಗೆ ಬೆಂಗಳೂರಿಗೆ ಬಂದಿದ್ದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ, "ಏನೋ ಅದು ನೀನು ಆಡೋದು, ನನಗೂ ಕೊಡೋ" ಅಂದಳು. ಕೊಟ್ಟೆ. ಯಾವ ಆಟ ಅಂತ ಹೆಸರು ಬೇಡ. ಕಣ್ಣು ಮಿಟುಕಿಸೋದರೊಳಗೆ ಬಟನ್ ಒತ್ತಿ ತಪ್ಪಿಸಿಕೊಳ್ಳಬೇಕಾದ ಆಟ. ಅವಳ ಕಣ್ಣು ನನಗಿಂತ ಚುರುಕು. ಏಟು ಬರೋದನ್ನ ನನಗಿಂತ ಮೊದಲೇ ಗುರುತು ಹಿಡೀತಿದ್ದಳು, "ಬಂತು ಬಂತು" ಅಂತ ಬಾಯಲ್ಲಿ ಹೇಳ್ತಿದ್ದಳು. ಬೆರಳು ಮಾತ್ರ ತಡವಾಗಿ ಬರ್ತಿತ್ತು. ಹತ್ತು ಸಲ ಸತ್ತಮೇಲೆ ಕೇಳಿದಳು, "ಇದನ್ನ ಸ್ವಲ್ಪ ನಿಧಾನ ಮಾಡೋ ಸೆಟ್ಟಿಂಗ್ ಇಲ್ವೇನೋ?"

ಇಲ್ಲ ಅಂದಿದ್ರೆ ಮುಗೀತಿತ್ತು. ನಾನು ಉಪದೇಶ ಮಾಡಿದೆ. "ಅಕ್ಕ, ಅದರಲ್ಲೇ ಇರೋದು ಮಜಾ. ಪ್ರಾಕ್ಟೀಸ್ ಮಾಡು, ಬರುತ್ತೆ."

ಅವಳು ಕಂಟ್ರೋಲರನ್ನ ಸೋಫಾ ಮೇಲೆ ಮೆಲ್ಲಗೆ ಇಟ್ಟಳು. "ಪ್ರಾಕ್ಟೀಸ್‌ಗೆ ಬಗ್ಗೋ ಬೆರಳಾಗಿದ್ರೆ ನಾನ್ಯಾಕೆ ಮಾತ್ರೆ ನುಂಗ್ತಿದ್ದೆ ಕಣೋ" ಅಂತ ಹೇಳಿ ಮಲಗೋಕೆ ಹೋದಳು.

ಅದಾದ ಮೇಲೆ ನಾನೇ ಹುಡುಕಿ ಕೊಡಿಸಿದ್ದು ಸೆಲೆಸ್ಟ್. 2018ರದ್ದು. ಬೆಟ್ಟ ಹತ್ತೋ ಹುಡುಗಿಯ ಆಟ. ಸುಲಭ ಅಂತ ಮೋಸ ಹೋಗಬೇಡಿ, ಮುಳ್ಳು, ಪ್ರಪಾತ, ಕುಸಿಯೋ ಕಲ್ಲು ಎಲ್ಲ ಸೇರಿ ನನ್ನಂಥವನನ್ನೇ ಸಾವಿರಾರು ಸಲ ಕೊಂದಿದೆ. ಆದರೆ ಅದರಲ್ಲಿ ಅಸಿಸ್ಟ್ ಮೋಡ್ ಅಂತ ಒಂದಿದೆ. ಆಟದ ವೇಗವನ್ನ ಹತ್ತತ್ತು ಪರ್ಸೆಂಟ್ ಇಳಿಸ್ತಾ ಅರ್ಧದವರೆಗೂ ತರಬಹುದು. ಬೇಕಿದ್ರೆ ಸುಸ್ತೇ ಆಗದ ಹಾಗೆ, ಸಾಯದ ಹಾಗೂ ಮಾಡಿಕೊಳ್ಳಬಹುದು. ಗೇಲಿ ಇಲ್ಲ, ನಾಚಿಕೆ ಪಡಿಸೋದಿಲ್ಲ, ಕತೆ ಅರ್ಧಕ್ಕೆ ನಿಲ್ಲಿಸೋದೂ ಇಲ್ಲ. ಇದನ್ನ ಕಪ್‌ಹೆಡ್ ಜೊತೆ ಹೋಲಿಸಿ ನೋಡಿ. 2017ರ ಆ ಆಟದಲ್ಲಿ 'ಸಿಂಪಲ್' ಅಂತ ಒಂದು ಆಯ್ಕೆ ಇದೆ, ಆದ್ರೆ ಅದರಲ್ಲೇ ಆಡಿದ್ರೆ ಕೊನೇ ಕಾಳಗಕ್ಕೆ ಬಿಡೋದೇ ಇಲ್ಲ. ಊಟಕ್ಕೆ ಕರೆದು ಪಾಯಸ ಬಡಿಸೋ ಮೊದಲೇ ಎಲೆ ಎತ್ತಿದ ಹಾಗೆ.

ಅಕ್ಕ ಎಪ್ಪತ್ತು ಪರ್ಸೆಂಟ್‌ಗೆ ಇಟ್ಟುಕೊಂಡಳು. ಸಾಯದ ಹಾಗೆ ಮಾಡೋ ಆಯ್ಕೆಯನ್ನ ಮುಟ್ಟಲಿಲ್ಲ, "ಅದರಲ್ಲೇನಿದೆ ಮಜಾ" ಅಂದಳು. ಎಷ್ಟು ಸಲ ಸತ್ತಿದ್ದೀವಿ ಅನ್ನೋ ಲೆಕ್ಕವನ್ನ ಆ ಆಟ ಇಡುತ್ತೆ. ಅವಳದ್ದು ನನ್ನದಕ್ಕಿಂತ ಜಾಸ್ತಿ. ಎಪ್ಪತ್ತರಲ್ಲಿ ಅವಳು ಪಟ್ಟ ಪಾಡು, ನೂರರಲ್ಲಿ ನಾನು ಪಟ್ಟ ಪಾಡಿಗಿಂತ ಒಂದು ಗುಲಗಂಜಿ ಕಮ್ಮಿ ಇರಲಿಲ್ಲ. ಹಾಗಿದ್ರೆ ಅವಳು ಆಡಿದ್ದು ಈಜಿ ಮೋಡಾ? ಆಟದ ಕಷ್ಟ ಡಬ್ಬಿಯೊಳಗೆ ತೂಕ ಹಾಕಿ ಇಟ್ಟಿರೋ ವಸ್ತು ಅಲ್ಲ ಮಾರಾಯ್ರೆ. ಆಡೋ ಕೈ ಬದಲಾದ್ರೆ ಅದೂ ಬದಲಾಗುತ್ತೆ.

"ಮಾಡಿದವರ ಉದ್ದೇಶಕ್ಕೆ ಬೆಲೆ ಬೇಡ್ವಾ?" ಅಂತೀರಿ. ಬೇಕು. ಬೆನೆಟ್ ಫಾಡಿಯ ಗೆಟಿಂಗ್ ಓವರ್ ಇಟ್‌ನಲ್ಲಿ ಹಂಡೆಯೊಳಗೆ ಕೂತ ಮನುಷ್ಯ ಸುತ್ತಿಗೆ ಊರಿಕೊಂಡು ಬೆಟ್ಟ ಹತ್ತಬೇಕು, ಕೈ ಜಾರಿದ್ರೆ ಬುಡಕ್ಕೆ. ಅಲ್ಲಿ ಬೀಳೋದೇ ವಿಷಯ. ಅದಕ್ಕೆ ಈಜಿ ಮೋಡ್ ಕೇಳೋದು ಖಾರ ಇಲ್ಲದ ಮಿರ್ಚಿ ಭಜ್ಜಿ ಕೇಳಿದ ಹಾಗೆ, ಒಪ್ಪಿದೆ. ಡಾರ್ಕ್ ಸೋಲ್ಸ್, ಎಲ್ಡನ್ ರಿಂಗ್ ಹಿಂದಿರೋ ಮಿಯಾಝಾಕಿ ಕೂಡ, ಎಲ್ಲರೂ ಒಂದೇ ಕಷ್ಟ ದಾಟಿ ಬಂದ್ರೆ ಎಲ್ಲರೂ ಒಂದೇ ಆಟದ ಬಗ್ಗೆ ಮಾತಾಡಬಹುದು ಅನ್ನೋ ಅರ್ಥದಲ್ಲಿ ಹೇಳಿದ್ದಾರೆ. ಚೆನ್ನಾಗಿದೆ. ಆದ್ರೆ ಆ ಮಾತುಕತೆಗೆ ಬರೋಕೇ ಆಗದೆ ಬಾಗಿಲ ಹೊರಗೆ ನಿಂತವರು? ಅಲ್ಲದೆ ಅದೇ ಮಿಯಾಝಾಕಿ ಎಲ್ಡನ್ ರಿಂಗ್‌ನಲ್ಲಿ ಮಿಮಿಕ್ ಟಿಯರ್ ಇಟ್ಟರಲ್ಲ, ಆಗ ನಿಮಗೆ ಉದ್ದೇಶದ ಮೇಲಿನ ಗೌರವ ಎಲ್ಲಿ ಹೋಯ್ತು? ಕೊಡದಿದ್ದಾಗ ಕಲಾವಿದ, ಕೊಟ್ಟಾಗ ತಪ್ಪು ಮಾಡಿದ. ಇದ್ಯಾವ ನ್ಯಾಯ?

ಇನ್ನೊಂದು ವಾದ ಸ್ವಲ್ಪ ಪ್ರಾಮಾಣಿಕ. "ಆಯ್ಕೆ ಇದ್ರೆ ನಾನೂ ಸೋತು ಅದನ್ನೇ ಒತ್ತಿಬಿಡ್ತೀನಿ, ಇಲ್ಲದಿದ್ರೇನೇ ಒಳ್ಳೇದು." ನೀವು ಡಯೆಟ್‌ನಲ್ಲಿದ್ದೀರಿ ಅಂತ ದರ್ಶಿನಿಯವರು ಬೆಣ್ಣೆ ದೋಸೆ ನಿಲ್ಲಿಸಬೇಕಾ?

ನನಗನ್ನಿಸೋದು, ಇದು ಗೇಮಿನ ಜಗಳವೇ ಅಲ್ಲ. ಹಾಸ್ಟೆಲ್‌ನಲ್ಲಿ "ನಮಗೆ ಸೀನಿಯರ್ಸ್ ಮಾಡಿದ್ರು, ನಾವು ನಿಮಗೆ ಮಾಡ್ತೀವಿ" ಅಂದವರನ್ನ ನೋಡಿದ್ದೀವಿ. ಆಮೇಲೆ ಕೆಲಸಕ್ಕೆ ಸೇರಿದ್ವಿ. "ನಾವು ರಾತ್ರಿ ಮೂರಕ್ಕೆ ಪ್ರೊಡಕ್ಷನ್ ಇಶ್ಯೂ ಫಿಕ್ಸ್ ಮಾಡಿ ಬೆಳಗ್ಗೆ ಒಂಬತ್ತಕ್ಕೆ ಸ್ಟ್ಯಾಂಡಪ್‌ಗೆ ಬರ್ತಿದ್ವಿ ಗೊತ್ತಾ" ಅನ್ನೋರ ಕೈಕೆಳಗೆ ದುಡಿದ್ವಿ. ಅವರಿಗೆ ಆ ರಾತ್ರಿಗಳು ವಾಪಸ್ ಸಿಗಲ್ಲ, ಹಾಗಾಗಿ ನಿಮ್ಮವೂ ಹೋಗಬೇಕು. ಗೇಮಿನಲ್ಲೂ ಅದೇ. ನಾನು ಎರಡು ವಾರ ನಿದ್ದೆಗೆಟ್ಟಿದ್ದನ್ನ ಇನ್ನೊಬ್ಬ ಎರಡು ದಿನದಲ್ಲಿ ದಾಟಿದ್ರೆ ನನ್ನ ಎರಡು ವಾರಕ್ಕೆ ಬೆಲೆ ಏನು ಅನ್ನೋ ಸಂಕಟ. ಆ ಸಂಕಟ ನನಗೂ ಆಗಿದೆ, ಈಗಲೂ ಆಗುತ್ತೆ. ಆದ್ರೆ ಅದು ನನ್ನ ಹೊಟ್ಟೆಯ ಸಂಕಟ. ಅದಕ್ಕೆ ಔಷಧ ಅಕ್ಕ ಯಾಕೆ ಕುಡೀಬೇಕು?

ಕೆಫೆಟೇರಿಯಾದಲ್ಲಿ ಇಷ್ಟೆಲ್ಲ ಭಾಷಣ ಮಾಡೋ ಧೈರ್ಯ ಬರಲಿಲ್ಲ. "ಮಲೇನಿಯಾಗೆ ಎಷ್ಟು ದಿನ ತಗೊಂಡ್ರಿ?" ಅಂತ ಆ ಹುಡುಗಿಯನ್ನ ಕೇಳಿದೆ. "ಒಂಬತ್ತು" ಅಂದಳು. "ನನಗೆ ಹನ್ನೊಂದು" ಅಂದೆ. ಜಡ್ಜ್ ಸಾಹೇಬರು ಫೋನ್ ನೋಡ್ತಾ ಕೂತರು.

ಅಕ್ಕ ಈಗ ಸೆಲೆಸ್ಟ್‌ನ ಏಳನೇ ಅಧ್ಯಾಯದಲ್ಲಿದ್ದಾಳೆ. ಸಂಜೆ ಬೆರಳು ಸಡಿಲ ಆದಾಗ ಎಂಬತ್ತು ಪರ್ಸೆಂಟ್‌ಗೆ ಏರಿಸ್ತಾಳಂತೆ, ಚಳಿ ಜಾಸ್ತಿ ಇದ್ದ ದಿನ ಅರವತ್ತು. ನಿನ್ನೆ ಫೋನ್ ಮಾಡಿ, "ನೀನು ಸ್ಟ್ರಾಬೆರಿ ಅಷ್ಟೂ ತಗೊಂಡಿದ್ದೀಯೇನೋ?" ಅಂತ ಕೇಳಿದಳು. ಇಲ್ಲ ಅಕ್ಕ, ಕೆಲವು ಬಿಟ್ಟಿದ್ದೀನಿ ಅಂದೆ.

"ಹಾಗಾದ್ರೆ ಮುಗಿಸಿದ ಹಾಗಲ್ಲ ಬಿಡು" ಅಂತ ನಕ್ಕು ಫೋನ್ ಇಟ್ಟಳು.