ಕರೆಂಟು ಬಂದ ಮೇಲೂ ಕಾಯುವುದು

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯನ್ನು ಕಟ್ಟಿದವರು ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರಲ್ಲ. ಇಟ್ಟುಕೊಂಡಿದ್ದರೆ ಪೂಜಾರಿಯ ಮೇಲೆ ಅಷ್ಟೊಂದು ಸಿಟ್ಟಾಗುತ್ತಿರಲಿಲ್ಲ. ಕೊಡಗಿನ ಮಳೆಗಾಲದಲ್ಲಿ ವರ ಕೊಡುವ ದೇವರೆಂದರೆ ಕರೆಂಟು. ಅದು ಬಂದಿತೆಂದರೆ ಮನೆಮಂದಿಯೆಲ್ಲ ಎದ್ದು, ಒಬ್ಬರು ಮಿಕ್ಸಿಗೆ, ಒಬ್ಬರು ನೀರಿನ ಪಂಪಿಗೆ, ಒಬ್ಬರು ಮೊಬೈಲಿನ ಚಾರ್ಜರಿಗೆ ಓಡುತ್ತಾರೆ. ಗುಂಡಿ ಒತ್ತಿದೊಡನೆ ಮಿಕ್ಸಿ ತಿರುಗುತ್ತದೆ, ಪಂಪು ನೀರೆತ್ತುತ್ತದೆ. ಇವೆಲ್ಲಕ್ಕಿಂತ ಬುದ್ಧಿವಂತನೆಂದು ಹೆಸರು ಪಡೆದ, ಇವೆಲ್ಲವುಗಳ ಬೆಲೆಯನ್ನು ಕೂಡಿಸಿದರೂ ಮೀರುವಷ್ಟು ದುಡ್ಡು ನುಂಗಿದ ಯಂತ್ರ ಮಾತ್ರ ಕಪ್ಪು ಪರದೆಯ ಮೇಲೆ ಬಿಳಿ ಚುಕ್ಕಿಗಳನ್ನು ಸುತ್ತಿಸುತ್ತ ಕೂರುತ್ತದೆ.

ನಮ್ಮಲ್ಲಿ ಹೆಚ್ಚಿನವರು ಇದನ್ನು ಯಂತ್ರದ ಜಾಯಮಾನ ಎಂದುಕೊಂಡು ಸುಮ್ಮನಿದ್ದಾರೆ. ಸ್ಟಾಫ್ ರೂಮಿನಲ್ಲಿ ಅದಕ್ಕೆ ಕುಂಭಕರ್ಣ ಎಂದು ಹೆಸರಿಟ್ಟು ನಗುವುದೂ ಉಂಟು. ಆ ಹೋಲಿಕೆ ಕುಂಭಕರ್ಣನಿಗೆ ಮಾಡುವ ಅನ್ಯಾಯ. ಅವನ ನಿದ್ದೆ ಬ್ರಹ್ಮನಿಂದ ಬಂದದ್ದು. ಕಂಪ್ಯೂಟರಿನ ಮಂಪರು ಮನುಷ್ಯರಿಂದ, ಅದೂ ಲೆಕ್ಕಾಚಾರವುಳ್ಳ ಮನುಷ್ಯರಿಂದ ಬಂದದ್ದು. ಗುಂಡಿ ಒತ್ತಿ ನಾವು ಕಾಯುವ ಆ ಐದು, ಆರು, ಎಂಟು ನಿಮಿಷ ನಮ್ಮ ಹಣೆಬರಹವಲ್ಲ. ಯಾರೋ ನಮ್ಮನ್ನು ಕೇಳದೆ ನಮ್ಮ ಹೊತ್ತನ್ನು ಖರ್ಚು ಮಾಡಿದ್ದಾರೆ ಎಂಬುದು ನನ್ನ ವಾದ.

ಇದು ಹಿಂದಿನಿಂದ ಹೀಗೆಯೇ ಇತ್ತು ಎನ್ನುವವರಿಗೆ ಒಂದು ಸಂಗತಿ ಹೇಳಬೇಕು. 1984ರಲ್ಲಿ ಕೇಂದ್ರ ಸರ್ಕಾರ ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸಲು ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿತು. ಅದಕ್ಕಾಗಿ ಇಂಗ್ಲೆಂಡಿನ ಏಕಾರ್ನ್ ಕಂಪನಿಯ ‘ಬಿಬಿಸಿ ಮೈಕ್ರೋ’ ಯಂತ್ರಗಳು ನಮ್ಮ ದೇಶದ ಶಾಲೆಗಳಿಗೆ ಬಂದವು. ಅದರ ನೆನಪಿನ ಶಕ್ತಿ 32 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರೊಳಗೆ ಹಿಡಿಸದು. ಆದರೆ ಸ್ವಿಚ್ ಹಾಕಿದರೆ ‘ಬೀಪ್’ ಎಂದು ಸದ್ದು ಮಾಡಿ, ಒಂದೆರಡು ಸೆಕೆಂಡಿನಲ್ಲಿ ಅಪ್ಪಣೆ ಏನೆಂದು ಕಾದು ನಿಲ್ಲುತ್ತಿತ್ತು. ಅದನ್ನು ನಡೆಸುವ ತಂತ್ರಾಂಶವನ್ನು ಯಂತ್ರದೊಳಗಿನ ಚಿಪ್ಪಿನಲ್ಲೇ ಅಚ್ಚೊತ್ತಿಟ್ಟಿದ್ದರು. ಹುಡುಕಿ ತರುವ ಕೆಲಸವೇ ಇರಲಿಲ್ಲ. ಅದು ಮಾಡುತ್ತಿದ್ದ ಕೆಲಸ ಕಡಿಮೆ, ನಿಜ. ಆದರೆ ಕೆಲಸ ಹೆಚ್ಚಾದದ್ದಕ್ಕೆ ತಕ್ಕಂತೆ ಯಂತ್ರದ ವೇಗವೂ ಸಾವಿರಾರು ಪಟ್ಟು ಹೆಚ್ಚಿತಲ್ಲ, ಆ ಲಾಭವೆಲ್ಲ ಎಲ್ಲಿ ಹೋಯಿತು? ಉತ್ತರ ಬೇಕಾದರೆ ಗುಂಡಿ ಒತ್ತಿದ ಮೇಲೆ ಒಳಗೆ ಏನು ನಡೆಯುತ್ತದೆಂದು ನೋಡಬೇಕು.

ಮೊದಲು ಒಂದು ಪುಟ್ಟ ಚಿಪ್ಪು ಎಚ್ಚರಗೊಂಡು ಕೀಲಿಮಣೆ ಇದೆಯೇ, ನೆನಪಿನ ಕೋಶ ಸರಿಯಿದೆಯೇ ಎಂದು ಹಾಜರಿ ಕರೆಯುತ್ತದೆ. ಇದಕ್ಕೆ ಸಾಮಾನ್ಯವಾಗಿ ಕೆಲವೇ ಸೆಕೆಂಡು ಸಾಕು. ಆಮೇಲೆ ಡಿಸ್ಕಿನಲ್ಲಿರುವ ವಿಂಡೋಸನ್ನು ಎತ್ತಿ ನೆನಪಿಗೆ ತಂದುಕೊಳ್ಳಬೇಕು. ಹಳೆಯ ಹಾರ್ಡ್ ಡಿಸ್ಕ್ ಎಂದರೆ ಗ್ರಾಮಫೋನಿನಂತೆ ತಿರುಗುವ ತಟ್ಟೆ, ಅದರ ಮೇಲೆ ಓಡಾಡುವ ಒಂದು ಮುಳ್ಳು. ನಿಮಿಷಕ್ಕೆ 7200 ಸುತ್ತು ತಿರುಗಿದರೂ ಒಂದೊಂದು ಚೂರನ್ನು ಹುಡುಕಲು ಮುಳ್ಳಿಗೆ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಹೊತ್ತು ಬೇಕು. ಬಹಳ ಕಡಿಮೆ ಅಲ್ಲವೇ ಎನ್ನಬೇಡಿ. ಹುಡುಕಬೇಕಾದ ಚೂರುಗಳು ಅಲ್ಲೊಂದು ಇಲ್ಲೊಂದು ಎಂಬಂತೆ ಹತ್ತಾರು ಸಾವಿರ ಇದ್ದರೆ ಅದೇ ನಿಮಿಷಗಟ್ಟಲೆ ಆಗುತ್ತದೆ. ಕಾಫಿ ತೋಟದಲ್ಲಿ ಉದುರಿದ ಹಣ್ಣನ್ನು ಒಂದೊಂದಾಗಿ ಹೆಕ್ಕಿದವರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಇಷ್ಟಾದರೂ ತಾಳಿಕೊಳ್ಳಬಹುದಿತ್ತು. ನಿಜವಾದ ಹಾವಳಿ ಇದರ ನಂತರದ್ದು. ಪ್ರಿಂಟರಿನ ಕಂಪನಿ ತನ್ನದೊಂದು ಸಹಾಯಕನನ್ನು ಒಳಗೆ ಕೂರಿಸಿರುತ್ತದೆ. ವೈರಸ್ ಕಾವಲುಗಾರ, ಕಡತಗಳನ್ನು ಎಲ್ಲೋ ದೂರದ ಗೋದಾಮಿಗೆ ಸಾಗಿಸುವವ, ಹೊಸ ಆವೃತ್ತಿ ಬಂದಿದೆಯೇ ಎಂದು ಇಣುಕುವವ, ಎಂದೋ ಒಮ್ಮೆ ಬಳಸಿದ ಮೀಟಿಂಗಿನವ, ಎಲ್ಲರೂ ಗುಂಡಿ ಒತ್ತಿದೊಡನೆ ಎದ್ದು ಆ ಒಂದೇ ಮುಳ್ಳಿಗಾಗಿ ಜಗ್ಗಾಡುತ್ತಾರೆ. ಇವರಲ್ಲಿ ಹೆಚ್ಚಿನವರನ್ನು ನಾವು ಕರೆದಿಲ್ಲ. ಒಂದು ತಂತ್ರಾಂಶ ಹಾಕುವಾಗ ‘ಮುಂದೆ, ಮುಂದೆ’ ಎಂದು ಒತ್ತುತ್ತ ಹೋದ ದಾರಿಯಲ್ಲಿ ನಮ್ಮ ಒಪ್ಪಿಗೆ ಸಿಕ್ಕಿತೆಂದು ಅವರೇ ಬರೆದುಕೊಂಡಿದ್ದಾರೆ. ಮದುವೆ ಮನೆಗೆ ಕರೆಯದೆ ಬಂದವರೇ ಮೊದಲ ಪಂಕ್ತಿಯಲ್ಲಿ ಕುಳಿತಂತಾಯಿತು.

ಲೆಕ್ಕ ಕೊಡುವಾಗಿನ ಜಾಣತನವನ್ನೂ ನೋಡಿ. ಪರದೆಯ ಮೇಲೆ ಚಿತ್ರ ಮೂಡಿದ ಕ್ಷಣಕ್ಕೆ ‘ಆರಂಭವಾಯಿತು’ ಎಂದು ಕಂಪನಿಯವರು ಗಡಿಯಾರ ನಿಲ್ಲಿಸುತ್ತಾರೆ. ನನ್ನ ಲೆಕ್ಕದಲ್ಲಿ ಆರಂಭವೆಂದರೆ ನುಡಿ ತಂತ್ರಾಂಶ ತೆರೆದು ಪ್ರಶ್ನೆಪತ್ರಿಕೆಯ ಮೊದಲ ಅಕ್ಷರ ಮೂಡುವ ಹೊತ್ತು. ಚಿತ್ರ ಮೂಡಿದ ಮೇಲೂ ಒತ್ತಿದ್ದು ತೆರೆಯದ ಆ ಮೂರು ನಾಲ್ಕು ನಿಮಿಷ ಯಾರ ಪಟ್ಟಿಗೂ ಸೇರುವುದಿಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಟಾಸ್ಕ್ ಮ್ಯಾನೇಜರ್ ಎಂಬ ಪುಟದಲ್ಲಿ, ಮೊದಲು ಎಚ್ಚರಗೊಳ್ಳುವ ಆ ಚಿಪ್ಪು ಎಷ್ಟು ಸೆಕೆಂಡು ತೆಗೆದುಕೊಂಡಿತೆಂದು ಒಂದು ಮೂಲೆಯಲ್ಲಿ ಕಾಣಿಸುತ್ತದೆ. ಚಿಪ್ಪು ಬೇರೆಯವರು ಮಾಡಿದ್ದು. ವಿಂಡೋಸ್ ತಾನೆಷ್ಟು ಹೊತ್ತು ತೆಗೆದುಕೊಂಡಿತು ಎಂಬ ಲೆಕ್ಕವನ್ನು ಮಾತ್ರ ಸಾಮಾನ್ಯರು ಎಂದೂ ತೆರೆಯದ ಒಳಗಿನ ದಾಖಲೆಯೊಂದರಲ್ಲಿ ಹೂತಿಡಲಾಗಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ಇಲ್ಲಿ ನೆಲದ ಡೊಂಕನ್ನು ಅಳೆದು ಅಂಗಳದಲ್ಲೇ ಬರೆದಿಟ್ಟಿದ್ದಾರೆ.

ಬೆಂಗಳೂರಿನವರಿಗೆ ಈ ಮಾತು ಅತಿಯಾಯಿತು ಅನ್ನಿಸಬಹುದು. ಅವರ ಯಂತ್ರ ದಿನಕ್ಕೊಮ್ಮೆ ಏಳುತ್ತದೆ, ಅಥವಾ ಮಲಗುವುದೇ ಇಲ್ಲ. ನಮ್ಮ ಮಾತು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗಿನ ಸದ್ದು ಕೇಳಿದರೆ ಸಾಕು, ಟಿ.ವಿ., ಫ್ರಿಜ್ಜು, ಕಂಪ್ಯೂಟರ್ ಎಲ್ಲದರ ಪ್ಲಗ್ಗನ್ನು ಕಿತ್ತಿಡುವುದು ಕೊಡಗಿನ ಮನೆಗಳ ರೂಢಿ, ಕಿತ್ತಿಡದವರ ಟಿ.ವಿ. ಸಿಡಿಲಿಗೆ ಸುಟ್ಟುಹೋದ ಕಥೆ ಪ್ರತಿ ಊರಲ್ಲೂ ಇದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಗೆ ತೋಟದ ಸಿಲ್ವರ್ ಓಕ್ ಮರಗಳು ತಂತಿಯ ಮೇಲೆ ಬೀಳುತ್ತವೆ. ಸೊಂಟದವರೆಗಿನ ಕೆಸರಿನಲ್ಲಿ ನಿಂತು ಲೈನ್‌ಮನ್‌ಗಳು ಸರಿಪಡಿಸಿ ಹೋದ ಮೇಲೆ ಇನ್ನೊಂದು ಮರ ಬೀಳುತ್ತದೆ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗಿ ಬರುವುದು ನಮಗೆ ಸುದ್ದಿಯೇ ಅಲ್ಲ.

ಈಗಿನ ವಿಂಡೋಸಿಗೆ ಬೇಗ ಏಳುವ ಒಂದು ಉಪಾಯ ಗೊತ್ತು. ಆರಿಸುವಾಗ ಅದು ಪೂರ್ತಿ ಆರುವುದಿಲ್ಲ. ಅರ್ಧ ಕೆಲಸವನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗಿ, ಮರುದಿನ ಅಲ್ಲಿಂದಲೇ ಮುಂದುವರಿಸುತ್ತದೆ. ಆದರೆ ಈ ಸೌಲಭ್ಯ, ಹೇಳಿ ಕೇಳಿ ಆರಿಸುವವರಿಗೆ ಮಾತ್ರ. ಕೆಲಸದ ನಡುವೆ ಕರೆಂಟು ಹಾರಿಹೋದರೆ ಬರೆದಿಡಲು ಪುರಸೊತ್ತೆಲ್ಲಿ? ಮತ್ತೆ ಮೊದಲಿನಿಂದ ಎಲ್ಲವನ್ನೂ ಹೆಕ್ಕಬೇಕು. ಹಠಾತ್ತನೆ ಆರಿದ್ದರಿಂದ ಡಿಸ್ಕಿಗೆ ಏಟಾಗಿದೆಯೇ ಎಂಬ ತಪಾಸಣೆ ಕೆಲವೊಮ್ಮೆ ಅದಕ್ಕೂ ಮೊದಲು. ಅಂದರೆ ಯಾರಲ್ಲಿ ಕರೆಂಟು ಹೆಚ್ಚು ಸಲ ಹೋಗುತ್ತದೆಯೋ ಅವರ ಯಂತ್ರವೇ ಹೆಚ್ಚು ಸಲ, ಹೆಚ್ಚು ನಿಧಾನವಾಗಿ ಏಳುತ್ತದೆ. ಇದನ್ನು ಕಟ್ಟಿದವರ ಕಣ್ಣಮುಂದೆ ಮಡಿಕೇರಿಯೂ ಇರಲಿಲ್ಲ, ಭಾಗಮಂಡಲವೂ ಇರಲಿಲ್ಲ.

ಇದರ ಬೆಲೆ ಏನೆಂದು ಕೇಳುವವರಿಗೆ ನಾನು ಕಂಡ ಒಂದನ್ನು ಹೇಳುತ್ತೇನೆ. ತೋಟದ ಲೈನ್‌ಮನೆಯ ಹುಡುಗಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿ ಹಾಕಬೇಕಿತ್ತು. ಕೊನೆಯ ದಿನ, ರಾತ್ರಿ ಹನ್ನೆರಡರವರೆಗೆ ಅವಕಾಶ. ಎರಡು ದಿನದಿಂದ ಕರೆಂಟಿರಲಿಲ್ಲ. ಟವರಿನ ಡೀಸೆಲ್ ಮುಗಿದು ಮೊಬೈಲೂ ಸತ್ತಿತ್ತು. ರಾತ್ರಿ ಹನ್ನೊಂದಕ್ಕೆ ಕರೆಂಟು ಬಂತು. ತಾಯಿ ಮಗಳು ಕೊಡೆ ಹಿಡಿದು ಓಡಿಬಂದರು. ಯಂತ್ರ ಡಿಸ್ಕಿನ ತಪಾಸಣೆ ಮುಗಿಸಿ, ಹೊಸ ಆವೃತ್ತಿ ಹಾಕಿಕೊಳ್ಳುತ್ತಿದ್ದೇನೆ, ಕಂಪ್ಯೂಟರನ್ನು ಆರಿಸಬೇಡಿ ಎಂದು ಇಂಗ್ಲಿಷಿನಲ್ಲಿ ಬರೆಯಿತು. ಶೇಕಡಾ ಹನ್ನೆರಡು, ಶೇಕಡಾ ಮೂವತ್ತು. “ಟೀಚರೇ, ಅದಕ್ಕೆ ಸ್ವಲ್ಪ ಬೇಗ ಮಾಡು ಅಂತ ಹೇಳಲಿಕ್ಕಾಗುವುದಿಲ್ಲವಾ?” ಎಂದು ಆ ತಾಯಿ ಕೇಳಿದಳು. ಅರ್ಜಿಯ ಪುಟ ತೆರೆದಾಗ ಹನ್ನೊಂದೂ ನಲವತ್ತು. ಜಾತಿ ಪ್ರಮಾಣಪತ್ರ ಏರಿಸುತ್ತಿದ್ದಂತೆ ಮತ್ತೆ ಕರೆಂಟು ಹೋಯಿತು. ಎರಡು ದಿನದಿಂದ ಬರಿದಾಗಿದ್ದ ಯು.ಪಿ.ಎಸ್. ಒಂದೇ ನಿಮಿಷ ಕೂಗಿ ಸುಮ್ಮನಾಯಿತು. ಐವತ್ತು ನಿಮಿಷದ ಕರೆಂಟಿನಲ್ಲಿ ನಲವತ್ತನ್ನು ಯಂತ್ರ ತಾನೇ ಉಂಡಿತ್ತು. ಆ ವರ್ಷದ ಹಣ ಹೋಯಿತು. ಹುಡುಗಿ ಏನೂ ಅನ್ನಲಿಲ್ಲ. ತಾಯಿ ಬೆಳಗಾಗೆದ್ದು ಕೆಲಸಕ್ಕೆ ಹೋದಳು.

ಮೊಬೈಲ್ ಇರುವಾಗ ಕಂಪ್ಯೂಟರ್ ಏಕೆ ಎನ್ನುವವರು ಅಂಕಪಟ್ಟಿಯನ್ನು ಅಂಗೈಯಗಲದ ಪರದೆಯ ಮೇಲೆ ತುಂಬಿದವರಲ್ಲ. ಹಳೆಯದನ್ನು ಬಿಸಾಕಿ ಹೊಸದು ಕೊಳ್ಳಿ ಎನ್ನುವವರು ಇನ್ನೂ ದೊಡ್ಡ ಉಪಕಾರಿಗಳು. ನಮ್ಮ ಮನೆಯ ಯಂತ್ರವನ್ನು ಅಂಗಡಿಗೆ ಒಯ್ದಾಗ, “ಮೇಡಂ, ಇದರ ಆಯುಷ್ಯ ಮುಗಿಯಿತು” ಎಂದರು. ಅಣ್ಣನ ಮಗ ನಂಬಲಿಲ್ಲ. “ಅತ್ತೆ, ಡಿಸ್ಕ್ ಒಂದನ್ನು ಬದಲಿಸೋಣ” ಎಂದು ಎರಡೂವರೆ ಸಾವಿರ ರೂಪಾಯಿ ಕೊಟ್ಟು, ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ತಂದು ಹಾಕಿದ. ಕರೆಯದೆ ಬಂದ ಅತಿಥಿಗಳನ್ನೂ ಒಬ್ಬೊಬ್ಬರಾಗಿ ಎಬ್ಬಿಸಿ ಕಳಿಸಿದ. ಏಳು ನಿಮಿಷದ ಕಾಯುವಿಕೆ ಅರ್ಧ ನಿಮಿಷಕ್ಕೆ ಇಳಿಯಿತು. ಅಂಗಡಿಯವರಿಗೆ ಈ ಮದ್ದು ಗೊತ್ತಿರಲಿಲ್ಲವೇ? ಗೊತ್ತಿತ್ತು, ಮೂವತ್ತು ಸಾವಿರದ ವ್ಯಾಪಾರವನ್ನು ಎರಡೂವರೆ ಸಾವಿರಕ್ಕೆ ಯಾರು ಬಿಟ್ಟುಕೊಡುತ್ತಾರೆ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕಿದ್ದ ಮಾಮೂಲಿ ರಕ್ಷಣೆಯೂ ನಿಂತಿತು. ವಿಂಡೋಸ್ 11 ಹೊಸ ಕಾಲದ ಭದ್ರತಾ ಚಿಪ್ಪು, ಹೊಸ ಪ್ರೊಸೆಸರ್ ಇಲ್ಲದ ಯಂತ್ರಗಳನ್ನು ಹೊಸಿಲು ದಾಟಗೊಡುವುದಿಲ್ಲ. ಅರ್ಧ ನಿಮಿಷದಲ್ಲಿ ಎದ್ದು ದುಡಿಯುವ ಯಂತ್ರ ಅವರ ಪ್ರಕಾರ ಗುಜರಿ.

ಕೆಲವು ನಿಮಿಷಕ್ಕೆ ಇಷ್ಟು ರಂಪವೇ ಎನ್ನುವವರಿಗಾಗಿ ಒಂದು ಲೆಕ್ಕ. ಒಂದು ಸಲಕ್ಕೆ ಆರು ನಿಮಿಷ, ದಿನಕ್ಕೆ ನಾಲ್ಕು ಸಲ, ಮಳೆಗಾಲದ ತೊಂಬತ್ತು ದಿನ: ಮೂವತ್ತಾರು ಗಂಟೆ. ಆರು ಗಂಟೆಯ ಶಾಲಾದಿನದಂತೆ ಆರು ದಿನ. ಈ ಲೆಕ್ಕವನ್ನು ದೊಡ್ಡವರೂ ಹಾಕಿದ್ದಾರೆ. 1983ರಲ್ಲಿ ಮೆಕಿಂಟಾಶ್ ತಯಾರಾಗುತ್ತಿದ್ದಾಗ ಸ್ಟೀವ್ ಜಾಬ್ಸ್ ತಮ್ಮ ಎಂಜಿನಿಯರ್ ಲ್ಯಾರಿ ಕೆನ್ಯನ್ ಬಳಿ ಬಂದು ಅದು ಏಳುವುದು ತಡವೆಂದು ದೂರಿದರಂತೆ. ಐವತ್ತು ಲಕ್ಷ ಜನ ಬಳಸುವ ಯಂತ್ರದಲ್ಲಿ ಹತ್ತು ಸೆಕೆಂಡು ಉಳಿಸಿದರೆ ವರ್ಷಕ್ಕೆ ಡಜನ್‌ಗಟ್ಟಲೆ ಜೀವ ಉಳಿಸಿದಂತೆ ಎಂಬುದು ಅವರ ವಾದ. ಅವರ ಸಹೋದ್ಯೋಗಿ ಆಂಡಿ ಹರ್ಟ್ಸ್‌ಫೆಲ್ಡ್ ಇದನ್ನು ಬರೆದಿಟ್ಟಿದ್ದಾರೆ. ನಾನು ಲೆಕ್ಕ ಹಾಕಿ ನೋಡಿದೆ. ವರ್ಷಕ್ಕೆ ಸುಮಾರು 578 ಮನುಷ್ಯ-ವರ್ಷ, ಅಂದರೆ ಎಪ್ಪತ್ತರ ಆಯುಷ್ಯದಂತೆ ಎಂಟು ಜೀವ. ಡಜನ್‌ಗಟ್ಟಲೆ ಎಂದದ್ದಕ್ಕೆ ನಮ್ಮ ಶಾಲೆಯಲ್ಲಾದರೆ ಅಂಕ ಕಳೆಯುತ್ತಿದ್ದೆವು. ಆದರೆ ಮಾತಿನ ತಿರುಳು ಸರಿ, ಆ ಹತ್ತು ಸೆಕೆಂಡನ್ನು ಅವರು ಉಳಿಸಿಯೂ ತೋರಿಸಿದರು.

ನ್ಯಾಯಾಲಯವೂ ಇದನ್ನು ಒಪ್ಪಿದೆ. ಅಮೆರಿಕದ ನೆವಾಡಾದ ಕಾಲ್ ಸೆಂಟರ್ ನೌಕರರು, ಕಂಪ್ಯೂಟರ್ ಏಳುವವರೆಗೆ ಕಾಯುವ ಹೊತ್ತಿಗೂ ಸಂಬಳ ಬೇಕೆಂದು ದಾವೆ ಹೂಡಿದ್ದರು. ಕಂಪ್ಯೂಟರನ್ನು ಎಬ್ಬಿಸುವುದೂ ಅವರ ಕೆಲಸದ ಅವಿಭಾಜ್ಯ ಅಂಗವೆಂದು 2022ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ನಮ್ಮಲ್ಲಿ ಅಡುಗೆ ಮುಗಿಸಿ, ಪಾತ್ರೆ ಬೆಳಗಿ, ರಾತ್ರಿ ಮಕ್ಕಳ ಹಾಜರಿ ವಿವರ, ಅಂಕಗಳನ್ನು ಮನೆಯಲ್ಲಿ ಕುಳಿತು ತುಂಬುವ ಶಿಕ್ಷಕಿಯ ಹೊತ್ತು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಹೆಂಗಸರ ಕಾಯುವಿಕೆಗೆ ಬೆಲೆ ಕಟ್ಟಿದವರು ಮೊದಲೇ ಕಡಿಮೆ. ಅಕ್ಕಿ ಬೇಯುವುದಕ್ಕೆ ಕಾಯುವ ಹಾಗೆ ಇದಕ್ಕೂ ಕಾಯಲಿ ಎಂದಿರಬೇಕು. ಅಕ್ಕಿ ಬೆಂದರೆ ಅನ್ನವಾಗುತ್ತದೆ. ಇಲ್ಲಿ ಕಾದದ್ದಕ್ಕೆ ಏನೂ ಹುಟ್ಟುವುದಿಲ್ಲ.

ನಾನು ಕೇಳುವುದು ಹೆಚ್ಚೇನಲ್ಲ. ಫ್ರಿಜ್ಜಿನ ಬಾಗಿಲಿಗೆ ನಕ್ಷತ್ರದ ಚೀಟಿ ಅಂಟಿಸಿ ಎಷ್ಟು ಕರೆಂಟು ಕುಡಿಯುತ್ತದೆಂದು ಹೇಳುವ ಪದ್ಧತಿ ಈ ದೇಶದಲ್ಲಿ 2006ರಿಂದ ಇದೆ. ಪೂರ್ತಿ ಆರಿದ ಯಂತ್ರ ಕೆಲಸಕ್ಕೆ ಸಿದ್ಧವಾಗಲು ಎಷ್ಟು ಹೊತ್ತು ಬೇಕೆಂದು ಕಂಪ್ಯೂಟರಿನ ಪೆಟ್ಟಿಗೆಯ ಮೇಲೂ ಬರೆಯಲಿ. ಕೇಳದೆ ಯಾವ ತಂತ್ರಾಂಶವೂ ಏಳುವವರ ಸಾಲಿಗೆ ಸೇರದಿರಲಿ. ಹೊಸ ಆವೃತ್ತಿ ಹಾಕುವ ಮುನ್ನ ಪುರಸೊತ್ತಿದೆಯೇ ಎಂದು ಕನ್ನಡದಲ್ಲಿ ಕೇಳಲಿ, ಬೇಡವೆಂದರೆ ಸುಮ್ಮನಿರಲಿ. ಅಲ್ಲಿಯವರೆಗೆ ಕೈಲಾದದ್ದನ್ನು ನಾವೇ ಮಾಡೋಣ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ‘ಸ್ಟಾರ್ಟಪ್’ ಪಟ್ಟಿಯಲ್ಲಿ ವೈರಸ್ ಕಾವಲುಗಾರನನ್ನು ಬಿಟ್ಟು, ಗುರುತಿದ್ದೂ ಬೇಡವಾದವರನ್ನು ನಿಲ್ಲಿಸಬಹುದು. ಮಾಕುಟ್ಟದ ಘಾಟಿ ಇಳಿದರೆ ಸಿಗುವ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಪಾಠ ಮಾಡುತ್ತಿವೆ. ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಅದನ್ನೂ ಪರೀಕ್ಷಿಸಬಹುದು. ಮಕ್ಕಳಿಗೆ ಕಂಪ್ಯೂಟರಿನ ಭಾಗಗಳ ಹೆಸರನ್ನು ಬಾಯಿಪಾಠ ಮಾಡಿಸುವ ನಾವು ಇವನ್ನೂ ಕಲಿಸಿದರೆ ಅವರ ಮನೆಗಳಲ್ಲಿ ಗಂಟೆಗಳು ಉಳಿದಾವು.

ಕರೆಂಟು ಹೋಗುವುದು ಗಾಳಿಮಳೆಯ ಇಚ್ಛೆ. ಈ ಬೆಟ್ಟಗಳಲ್ಲಿ ಬದುಕುವವರು ಅದನ್ನು ಒಪ್ಪಿಕೊಂಡೇ ಬದುಕುತ್ತಿದ್ದಾರೆ. ಬಂದ ಮೇಲೂ ನಮ್ಮನ್ನು ಕಾಯಿಸುವುದು ಮನುಷ್ಯರ ಇಚ್ಛೆ. ಅದನ್ನು ಒಪ್ಪಿಕೊಳ್ಳಬೇಕಾದ ಕಾರಣ ನನಗಂತೂ ಕಾಣುವುದಿಲ್ಲ.