ಹೊಳೆಯ ಲೆಕ್ಕ, ಹೊಸ್ತಿಲ ಲೆಕ್ಕ

ಕೃಷ್ಣೆ, ಘಟಪ್ರಭೆ, ಮಲಪ್ರಭೆ, ಭೀಮೆಯರ ದಂಡೆಯ ಊರುಗಳಲ್ಲಿ ಮಳೆಗಾಲದ ಸಿದ್ಧತೆ ಒಂದು ಕಾಲಕ್ಕೆ ಸರ್ಕಾರದ ಕೆಲಸವಾಗಿರಲಿಲ್ಲ, ಮನೆಯ ಕೆಲಸವಾಗಿತ್ತು. ರೋಹಿಣಿ ಮಳೆ ಬೀಳುವ ಮೊದಲೇ ಮಣ್ಣಿನ ಮಾಳಿಗೆಗೆ ಹೊಸ ಮಣ್ಣು ಏರುತ್ತಿತ್ತು. ಕಾಳುಕಡಿ ಅಟ್ಟ ಸೇರುತ್ತಿತ್ತು, ಕುಳ್ಳು ಕಟ್ಟಿಗೆ ನೆನೆಯದ ಮೂಲೆ ಹಿಡಿಯುತ್ತಿದ್ದವು, ಮೇವಿನ ಬಣವೆ ದಿಬ್ಬದ ಮೇಲೆ ನಿಲ್ಲುತ್ತಿತ್ತು. ಯಾವ ಗುಡಿಯ ಯಾವ ಮೆಟ್ಟಿಲಿಗೆ ನೀರು ಮುಟ್ಟಿದರೆ ಕೆಳಗಿನ ಓಣಿ ಖಾಲಿ ಮಾಡಬೇಕೆಂಬುದು ಹಿರಿಯರ ಬಾಯಲ್ಲಿತ್ತು. ಆ ಕಾಲವನ್ನು ಹೊಗಳಿ ಕೂರುವಂತೆಯೂ ಇಲ್ಲ. ಅಂದು ಸುತ್ತುವರಿದ ನೀರಿನಲ್ಲಿ ಸಿಕ್ಕವರಿಗೆ ಹರಗೋಲೊಂದೇ ಗತಿ. ಸತ್ತವರ ಲೆಕ್ಕವೂ ಊರ ಗಡಿ ದಾಟುತ್ತಿರಲಿಲ್ಲ. ಆದರೆ ಹೊಳೆ ಏನು ಮಾಡೀತು ಎಂಬ ಅಂದಾಜು ಮನೆಮನೆಯಲ್ಲೂ ಇತ್ತು.

ಆಮೇಲೆ ಅಣೆಕಟ್ಟುಗಳು ಬಂದವು: ನವಿಲುತೀರ್ಥ, ಹಿಡಕಲ್, ನಾರಾಯಣಪುರ, ಆಲಮಟ್ಟಿ. ಒಣಭೂಮಿಗೆ ನೀರು ಹರಿದು ಬಂದ ಆ ವರ್ಷಗಳ ಸಂತೋಷವನ್ನು ಯಾರೂ ಕಡೆಗಣಿಸಲಾಗದು. ಅದಕ್ಕಾಗಿ ಊರು ಕಳೆದುಕೊಂಡವರ ದುಃಖವನ್ನೂ. ಹೊಳೆಯ ಸ್ವಭಾವ ಮಾತ್ರ ಬದಲಾಗಿ ಹೋಯಿತು. ಮಲಪ್ರಭೆಯ ಪಾತ್ರ ವರ್ಷಗಟ್ಟಲೆ ಬತ್ತಿ ಮಲಗಿತು. ಅದರೊಳಗೆ ಜಾಲಿ ಬೆಳೆಯಿತು, ಕಬ್ಬು ಇಳಿಯಿತು, ಅಂಚಿಗೆ ಮನೆಗಳು ಎದ್ದವು. ಒಂದು ತಲೆಮಾರು ಹೊಳೆಯೆಂದರೆ ಕಾಲಿಗೆ ನೀರು ತಾಗದೆ ದಾಟುವ ಜಾಗವೆಂದೇ ತಿಳಿದು ದೊಡ್ಡದಾಯಿತು. ಇತ್ತ ಊರಿನ ಮೇಲೆ ಬೀಳುವ ಮಳೆಗೂ ಊರಿಗೆ ಬರುವ ನೀರಿಗೂ ಇದ್ದ ನಂಟು ಕಡಿಯಿತು. ತಲೆಯ ಮೇಲೆ ಬಿಸಿಲಿದ್ದಾಗಲೇ ಸಹ್ಯಾದ್ರಿಯ ಮಳೆ, ಕೊಯ್ನಾದ ಗೇಟು, ಮೇಲಿನ ಜಲಾಶಯದ ಒಳಹರಿವು ಕೂಡಿ ನೀರು ಅಂಗಳಕ್ಕೆ ಬರತೊಡಗಿತು. ಗುಡಿಯ ಮೆಟ್ಟಿಲು ನೋಡಿ ಹೇಳುವ ಹಿರಿಯರ ಮಾತಿಗೆ ಆಧಾರ ಉಳಿಯಲಿಲ್ಲ. ಅದರ ಜಾಗಕ್ಕೆ ಬರಬೇಕಿದ್ದ ಹೊಸ ತಿಳಿವಳಿಕೆಯನ್ನು ಯಾರೂ ಮನೆಗೆ ತಲುಪಿಸಲಿಲ್ಲ. 2005ರಲ್ಲಿ ಕೃಷ್ಣೆ ಉಕ್ಕಿದಾಗ ಆಲಮಟ್ಟಿಯ ಎತ್ತರ ಕುರಿತು ಎರಡು ರಾಜ್ಯಗಳು ವಾದಿಸಿದವು. ದಂಡೆಯ ಮನೆಗಳ ಮಾತು ಆ ವಾದದಲ್ಲಿ ಬರಲೇ ಇಲ್ಲ.

2009ನ್ನು ಈ ಸೀಮೆಯವರಿಗೆ ನೆನಪಿಸಬೇಕಾಗಿಲ್ಲ. ದೇಶವೇ ಬರದ ವರ್ಷವೆಂದು ಎಣಿಸುತ್ತಿದ್ದ ವರ್ಷವದು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ, ಹಸ್ತ ಮಳೆಯ ದಿನಗಳಲ್ಲಿ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಒಳನಾಡಿಗೆ ಬಂದು ನಿಂತಿತು. ವಿಜಾಪುರ, ಬಾಗಲಕೋಟೆ, ರಾಯಚೂರು, ಕೊಪ್ಪಳದ ಒಣ ತಾಲ್ಲೂಕುಗಳ ಮೇಲೆ ಹಗಲಿರುಳು ಮಳೆ ಸುರಿಯಿತು. ತುಂಗಭದ್ರೆ ಮಂತ್ರಾಲಯದ ಮಠದೊಳಗೆ ನುಗ್ಗಿದಳು, ಕರ್ನೂಲು ಮುಳುಗಿತು. ನಮ್ಮ ರಾಜ್ಯದಲ್ಲೇ 200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅದೆಷ್ಟೋ ಮಂದಿ ಸತ್ತದ್ದು ಹೊಳೆಯ ಪಾಲಾಗಿ ಅಲ್ಲ, ನಡುರಾತ್ರಿ ನೆನೆದು ಕುಸಿದ ತಮ್ಮದೇ ಗೋಡೆ, ಮಾಳಿಗೆಗಳ ಅಡಿಯಲ್ಲಿ. ಬಿಸಿಲಿಗೆ ತಂಪಾಗಿ, ಚಳಿಗೆ ಬೆಚ್ಚಗೆ ಕಾಪಾಡಿದ ಮನೆ ಎಡೆಬಿಡದ ಮಳೆಯನ್ನು ತಾಳಲಾರದು. ಮೂರನೆಯ ದಿನಕ್ಕೆ ಆ ಮನೆ ಬಿಟ್ಟು ಶಾಲೆಗೋ ಗುಡಿಗೋ ಮಲಗಲು ಹೋಗಬೇಕೆಂದು ಹೇಳುವವರು ಇದ್ದಿದ್ದರೆ ಎಷ್ಟೋ ಜೀವ ಉಳಿಯುತ್ತಿದ್ದವು.

ಆಗ ಸಿಕ್ಕ ಭರವಸೆ ದೊಡ್ಡದು. ಮುಖ್ಯಮಂತ್ರಿ ಯಡಿಯೂರಪ್ಪನವರು ಬೀದಿಗಿಳಿದು ದೇಣಿಗೆ ಎತ್ತಿದರು. ನಾಡಿನ ಜನ, ಕಂಪನಿಗಳು, ಮಠಗಳು ಕೈಬಿಚ್ಚಿ ಕೊಟ್ಟರು. ಆಸರೆ ಯೋಜನೆಯಲ್ಲಿ ನವಗ್ರಾಮಗಳು ಎದ್ದವು. ಮತ್ತೆಂದೂ ನೀರು ಮುಟ್ಟದ ಎತ್ತರದಲ್ಲಿ ಊರಿಗೆ ಊರೇ ನೆಲೆಯೂರಲಿದೆ ಎಂಬ ಮಾತು ಅಂದು ಎಲ್ಲರ ಬಾಯಲ್ಲಿತ್ತು. ಎಷ್ಟೋ ಕುಟುಂಬಗಳಿಗೆ ಅಲ್ಲಿ ನಿಜಕ್ಕೂ ಗಟ್ಟಿ ಸೂರು ಸಿಕ್ಕಿತು. ಆದರೆ ಮೂವರು ಅಣ್ಣತಮ್ಮಂದಿರ ತುಂಬು ಮನೆಗೆ ಚಿಕ್ಕದೊಂದು ಸೂರು, ದನ ಕಟ್ಟಲು ದೊಡ್ಡಿಯಿಲ್ಲ, ಬಣವೆಗೆ ಜಾಗವಿಲ್ಲ, ಹೊಲ ದೂರ, ಕುಡಿಯುವ ನೀರು ಇನ್ನೂ ದೂರ. ಹಕ್ಕುಪತ್ರ ಹಂಚುವುದೂ ಹಲವೆಡೆ ನನೆಗುದಿಗೆ ಬಿತ್ತು. ಜನ ಹಳೆಯ ಊರಿಗೇ ಮರಳಿದರು. ಹೊಸ ಮನೆಗಳ ಅಂಗಳದಲ್ಲಿ ಜಾಲಿ ಬೆಳೆಯಿತು. ಕೊಟ್ಟ ಮನೆಯಲ್ಲಿ ಇರಲಿಲ್ಲವೆಂದು ಅವರನ್ನು ದೂರಿದವರುಂಟು. ಆ ದೂರು ಅನ್ಯಾಯದ್ದು. ರೈತನ ಮನೆಯೆಂದರೆ ಮನುಷ್ಯರು ಮಲಗುವ ಕೋಣೆಯಷ್ಟೇ ಅಲ್ಲವೆಂಬುದನ್ನು ನಕ್ಷೆ ಬರೆದವರು ಮೊದಲೇ ತಿಳಿಯಬೇಕಿತ್ತು.

ಹತ್ತು ವರ್ಷಕ್ಕೆ, 2019ರ ಆಗಸ್ಟ್‌ನಲ್ಲಿ, ಆಶ್ಲೇಷಾ ಮಳೆ ಪಶ್ಚಿಮ ಘಟ್ಟದಲ್ಲಿ ಸುರಿಯಿತು. ಸಾಂಗ್ಲಿ, ಕೊಲ್ಹಾಪುರಗಳು ಮುಳುಗಿದ ಬೆನ್ನಿಗೇ ಚಿಕ್ಕೋಡಿ, ಗೋಕಾಕ, ಮುಧೋಳ, ರಾಮದುರ್ಗದ ಸರದಿ. ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹೊರಟಿತು. ನವಿಲುತೀರ್ಥದಿಂದ ಬಿಟ್ಟ ಸುಮಾರು 1 ಲಕ್ಷ ಕ್ಯುಸೆಕ್ ನೀರಿಗೆ ಹರಿಯಲು ಹೊಳೆಯ ಪಾತ್ರವೇ ಉಳಿದಿರಲಿಲ್ಲ. ಅದು ಕಬ್ಬಿನ ಗದ್ದೆ ಹಾದು, ನರಗುಂದ ತಾಲ್ಲೂಕಿನ ಕೊಣ್ಣೂರಿನಂಥ ಊರುಗಳ ಓಣಿಗಳನ್ನು ಹೊಕ್ಕು, ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ನಿಂತಿತು. 22 ಜಿಲ್ಲೆಗಳ 103 ತಾಲ್ಲೂಕುಗಳು ನೆರೆಪೀಡಿತವೆಂದು ಘೋಷಣೆಯಾದವು.

ಇಲ್ಲಿ ಗಳಿಕೆಯನ್ನು ಮನಸಾರೆ ಒಪ್ಪಬೇಕು. ನೆರೆಯ ಹರವು ಅಷ್ಟು ದೊಡ್ಡದಿದ್ದರೂ ಆ ಆಗಸ್ಟ್‌ನಲ್ಲಿ ಸತ್ತವರ ಸಂಖ್ಯೆ ನೂರರೊಳಗೇ ಉಳಿಯಿತು. ಸುಮಾರು 7 ಲಕ್ಷ ಜನರನ್ನು ಸುರಕ್ಷಿತ ಜಾಗಗಳಿಗೆ ಸಾಗಿಸಲಾಯಿತು. 1988ರಲ್ಲಿ ಬರದ ಮೇಲೆ ಕಣ್ಣಿಡಲು ಹುಟ್ಟಿದ ಘಟಕವೇ ಬೆಳೆದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿತ್ತು. ಗ್ರಾಮ ಪಂಚಾಯಿತಿ ಮಟ್ಟಕ್ಕೆ ಮಳೆಮಾಪಕ ಬಂದಿತ್ತು; ವರುಣಮಿತ್ರಕ್ಕೆ ಫೋನ್ ಮಾಡಿದರೆ ಮಳೆಯ ಮುನ್ಸೂಚನೆ ಸಿಗುತ್ತಿತ್ತು. ವಿಪತ್ತು ಸ್ಪಂದನಾ ಪಡೆಗಳ ದೋಣಿಗಳು, ಸೇನೆಯ ಹೆಲಿಕಾಪ್ಟರ್‌ಗಳು, ಊರಿನ ಹುಡುಗರು ಕಟ್ಟಿದ ತೆಪ್ಪಗಳು, ಊರೂರಿಂದ ಬಂದ ರೊಟ್ಟಿಯ ಗಂಟುಗಳು, ಇವೆಲ್ಲ ಸೇರಿ ಉಳಿಸಿದ ಜೀವಗಳವು. 2009ರ ರಾತ್ರಿಗಳನ್ನು ಕಂಡವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು.

ಹಾಗಿದ್ದೂ ಮನೆಯ ಮಟ್ಟಿಗೆ ನಾವು ಅಂದೆಲ್ಲಿದ್ದೆವೋ ಅಲ್ಲೇ ಇದ್ದೇವೆ. ಸೂಚನೆ ಬರುತ್ತದೆ: ಇಷ್ಟು ಸಾವಿರ ಕ್ಯುಸೆಕ್ ಬಿಡಲಾಗಿದೆ, ನದಿ ಪಾತ್ರದ ಜನರು ಎಚ್ಚರದಿಂದಿರಬೇಕು. ಕ್ಯುಸೆಕ್ ಹೊಳೆಯ ಲೆಕ್ಕ. ಆ ನೀರು ನಮ್ಮ ಓಣಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಹೊಸ್ತಿಲಿಗೆ ನಿಲ್ಲುತ್ತದೋ ಕಿಟಕಿಗೆ ಏರುತ್ತದೋ, ದಾರಿಯ ಸೇತುವೆ ಮುಳುಗುವುದು ಅದಕ್ಕಿಂತ ಮೊದಲೋ ಆಮೇಲೋ ಎಂಬುದನ್ನು ಆ ಸೂಚನೆ ಹೇಳುವುದಿಲ್ಲ. ಹಾಗಾಗಿ ಜನ ಕಾಯುತ್ತಾರೆ. ನೀರು ಕಣ್ಣಿಗೆ ಬಿದ್ದ ಮೇಲೆ ಓಡುವಾಗ ಮಾತ್ರೆ, ಪಡಿತರ ಚೀಟಿ, ಉತಾರ, ಮಕ್ಕಳ ಅಂಕಪಟ್ಟಿ ಮನೆಯಲ್ಲೇ ಉಳಿಯುತ್ತವೆ. ಮುಂದೆ ಹಾನಿಯ ಸಮೀಕ್ಷೆಯಲ್ಲಿ ಎ, ಬಿ, ಸಿ ಎಂದು ಮನೆಗಳನ್ನು ವಿಂಗಡಿಸುವಾಗ, ಪರಿಹಾರಕ್ಕೆ ಅರ್ಜಿ ಹಿಡಿದು ನಿಲ್ಲುವಾಗ, ಕಳೆದುಹೋದ ಅದೇ ಕಾಗದಗಳನ್ನು ಕೇಳುತ್ತಾರೆ. ಇನ್ನು ದನಗಳು. ಕಾಳಜಿ ಕೇಂದ್ರಕ್ಕೆ ಬನ್ನಿರೆಂದು ಕರೆಯಲು ಹೋದ ಸಿಬ್ಬಂದಿಗೆ ಪ್ರತಿ ಊರಲ್ಲೂ ಸಿಗುವ ಉತ್ತರ ಒಂದೇ: ದನ ಬಿಟ್ಟು ಹ್ಯಾಂಗ ಬರೂಣ್ರಿ? ಅದನ್ನು ಹಟವೆಂದು ಬರೆದುಕೊಂಡವರು ಆ ಮಾತನ್ನು ಕೇಳಿಸಿಕೊಂಡಿಲ್ಲ.

ಒಡಿಶಾದ ಉದಾಹರಣೆ ನಮ್ಮೆದುರಿಗಿದೆ. 1999ರ ಮಹಾಚಂಡಮಾರುತದಲ್ಲಿ ಅಲ್ಲಿ ಸುಮಾರು 10 ಸಾವಿರ ಜನ ಸತ್ತರು. 2019ರ ಮೇ 3ರಂದು ಫೋನಿ ಚಂಡಮಾರುತ ಪುರಿಗೆ ಅಪ್ಪಳಿಸುವಷ್ಟರಲ್ಲಿ 12 ಲಕ್ಷದಷ್ಟು ಜನ ಮನೆ ಬಿಟ್ಟು ಸುರಕ್ಷಿತ ಜಾಗ ಸೇರಿದ್ದರು, ಸತ್ತವರು 64. ನಡುವಿನ 20 ವರ್ಷಗಳಲ್ಲಿ ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡಗಳು ಎದ್ದವು ನಿಜ. ಅದರ ಜೊತೆಗೇ ವರ್ಷ ವರ್ಷವೂ ಅಣಕು ಅಭ್ಯಾಸ ನಡೆಯಿತು, ಊರಿನದೇ ಯುವಕ ಯುವತಿಯರ ತಂಡಗಳು ತಯಾರಾದವು. ನಮ್ಮಲ್ಲಿ ಅಭ್ಯಾಸ ನಡೆದರೂ ಅದು ಅಧಿಕಾರಿಗಳ ಮತ್ತು ದೋಣಿಯವರ ಅಭ್ಯಾಸ. ಅಡುಗೆಮನೆಯ ಸಿಲಿಂಡರ್ ಬಂದ್ ಮಾಡಿ, ಮೇನ್ ಸ್ವಿಚ್ ಇಳಿಸಿ, ಅಜ್ಜಿಯನ್ನು ಹೊತ್ತು ಹೊರಡುವವರು ಅದರಲ್ಲಿ ಇರುವುದಿಲ್ಲ.

2020ರಲ್ಲಿ ಭೀಮೆ, 2021ರಲ್ಲಿ ಮತ್ತೆ ಕೃಷ್ಣೆ, 2025ರ ಸೆಪ್ಟೆಂಬರ್ ಕೊನೆಗೆ ಪುನಃ ಭೀಮೆ. ವರ್ಷಗಳ ಅಂತರದಲ್ಲಿ ಬರುತ್ತಿದ್ದದ್ದು ಈಗ ಹತ್ತಿರ ಹತ್ತಿರ ಬರುತ್ತಿದೆ. ಪರಿಹಾರದ ಮೊತ್ತದ ಬಗ್ಗೆ ವಿಧಾನಸೌಧದಲ್ಲಿ ಪ್ರತಿ ಸಲ ಚರ್ಚೆಯಾಗುತ್ತದೆ, ಆಗಲೇಬೇಕು. ಜೊತೆಗೆ ಮುಂಗಾರಿಗೆ ಮುಂಚಿನ ಗ್ರಾಮಸಭೆಗಳಲ್ಲಿ ಆಗಬೇಕಾದ ಚರ್ಚೆಯೂ ಉಂಟು. 2009 ಮತ್ತು 2019ರಲ್ಲಿ ನೀರು ನಿಂತ ಮಟ್ಟ ಊರವರಿಗೆ ಗೊತ್ತು. ಆ ದಿನಗಳಲ್ಲಿ ಬಿಟ್ಟ ನೀರಿನ ಲೆಕ್ಕ ನೀರಾವರಿ ನಿಗಮದ ಕಡತದಲ್ಲಿದೆ. ಎರಡನ್ನೂ ಕೂಡಿಸಿ ಪ್ರತಿ ಓಣಿಯ ವಿದ್ಯುತ್ ಕಂಬಕ್ಕೆ ಬಣ್ಣದ ಗೆರೆ ಎಳೆಯಲು ದೊಡ್ಡ ಅನುದಾನವೇನೂ ಬೇಡ. ಹಾಸಿಗೆ ಹಿಡಿದವರ, ಬಸುರಿ ಬಾಣಂತಿಯರ ಪಟ್ಟಿ ಆಶಾ ಕಾರ್ಯಕರ್ತೆಯರ ಬಳಿಯಿದೆ. ಯಾರನ್ನು ಯಾರ ಟ್ರ್ಯಾಕ್ಟರ್‌ನಲ್ಲಿ ಕರೆದೊಯ್ಯಬೇಕೆಂದು ಮೊದಲೇ ಗೊತ್ತುಮಾಡಬಹುದು. ಕಾಳಜಿ ಕೇಂದ್ರವಾಗುವ ಶಾಲೆಯ ಪಕ್ಕದಲ್ಲೇ ದನಗಳಿಗೆ ಜಾಗ, ಮೇವು, ನೀರು ಇರಬೇಕು, ಮತ್ತು ಅದು ಇದೆಯೆಂಬುದು ಜೂನ್‌ಗೆ ಮೊದಲೇ ಊರವರ ಕಣ್ಣಿಗೆ ಬೀಳಬೇಕು. ಈ ಸಭೆಗಳಿಗೆ ತಹಶೀಲ್ದಾರರು ನೀರಾವರಿ ನಿಗಮದ ಎಂಜಿನಿಯರರನ್ನು ಜೊತೆಗೆ ಕರೆದುಕೊಂಡೇ ಬರಲಿ.